ಕಾವೇರಿಯ ತವರು ಕೊಡಗು

ಬನಶಂಕರಿಯ ಮನೆಯೊಂದರಲ್ಲಿ ಮುಂಜಾನೆ ಕಾಫಿ ಲೋಟಕ್ಕೆ ಇಳಿಯುವಾಗ, ಅದರೊಳಗೆ ಒಂದು ನಾಡೇ ಅಡಗಿದೆಯೆಂಬುದನ್ನು ಯಾರು ನೆನೆಯುತ್ತಾರೆ? ನಲ್ಲಿಯ ನೀರು ಕಾವೇರಿಯದು. 1974ರಿಂದಲೂ ಅದು ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಮೇಲೇರಿ ಬೆಂಗಳೂರಿಗೆ ಬರುತ್ತಿದೆ. ಕಾಫಿಯ ಬೀಜವೂ ಆ ನದಿಯ ತವರಿನದೇ ಆಗಿದ್ದರೆ ಆಶ್ಚರ್ಯವಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬೆಳೆಯುವುದು ಕೊಡಗಿನಲ್ಲಿ.

ಕೊಡಗು ಚಿಕ್ಕ ನಾಡು. ವಿಸ್ತೀರ್ಣ 4,102 ಚದರ ಕಿಲೋಮೀಟರ್; 2011ರ ಗಣತಿಯಂತೆ ಜನಸಂಖ್ಯೆ ಐದೂವರೆ ಲಕ್ಷ. ರೈಲು ಇಂದಿಗೂ ಈ ಬೆಟ್ಟಗಳನ್ನು ಹತ್ತಿಲ್ಲ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಇಲ್ಲಿನ ಅತ್ಯುನ್ನತ ಶಿಖರ. ಬ್ರಹ್ಮಗಿರಿಯ ತಪ್ಪಲಿನ ತಲಕಾವೇರಿಯಲ್ಲಿ ಜನಿಸುವ ಕಾವೇರಿ, ಪಶ್ಚಿಮದ ಕಡಲು ಸಮೀಪದಲ್ಲಿದ್ದರೂ ಅತ್ತ ತಿರುಗದೆ ಪೂರ್ವಾಭಿಮುಖಿಯಾಗಿ ಹರಿಯುತ್ತಾಳೆ.

1834ರಲ್ಲಿ ಹಾಲೇರಿ ವಂಶದ ಅರಸೊತ್ತಿಗೆಯನ್ನು ಕಳೆದುಕೊಂಡು ಆಂಗ್ಲರ ವಶವಾದ ಈ ಸೀಮೆ, ಸ್ವಾತಂತ್ರ್ಯಾನಂತರ ಪ್ರತ್ಯೇಕ ರಾಜ್ಯವಾಗಿದ್ದು 1956ರಲ್ಲಿ ಮೈಸೂರಿನೊಡನೆ ಸೇರಿತು. ಆದರೂ ತನ್ನತನವನ್ನು ಬಿಡಲಿಲ್ಲ. ಕಾರ್ಯಪ್ಪ, ತಿಮ್ಮಯ್ಯರಂತಹ ದಂಡನಾಯಕರನ್ನು ಕೊಟ್ಟ ಈ ಮಣ್ಣಿನಲ್ಲಿ ಕೋವಿಗೂ ಪೂಜೆಯುಂಟು, ನೇಗಿಲಿಗೂ ಗೌರವವುಂಟು. ಒಂದೊಂದು ಒಕ್ಕಕ್ಕೂ ಒಂದು ಐನ್‌ಮನೆ. ಎಲ್ಲಿ ನೆಲೆಸಿದ್ದರೂ ಕುಲದವರೆಲ್ಲ ಹಬ್ಬಕ್ಕೆ ಕೂಡುವುದು ಅಲ್ಲಿಯೇ. ಪುತ್ತರಿಯ ಬೆಳದಿಂಗಳಿನಲ್ಲಿ ಗದ್ದೆಗಿಳಿದು ಹೊಸ ಕದಿರು ಕೊಯ್ದು ಮನೆದುಂಬಿಸಿಕೊಳ್ಳುವ ಸಂಭ್ರಮವನ್ನು ಕಂಡವರು ಮರೆಯಲಾರರು.

ಈ ನೆಲದ ವಿನ್ಯಾಸವೂ ಅಷ್ಟೇ ವಿವೇಕಪೂರ್ಣವಾದುದು. ನೆತ್ತಿಯಲ್ಲಿ ಕಾಡು, ಇಳಿಜಾರಿನಲ್ಲಿ ಮರಗಳ ನೆರಳಿನ ಕಾಫಿತೋಟ, ತಗ್ಗಿನಲ್ಲಿ ಭತ್ತದ ಗದ್ದೆ. ಊರೂರಿನ ದೇವರಕಾಡುಗಳಿಗೆ ಭಕ್ತಿಯೇ ಬೇಲಿ. ಮುಂಗಾರಿನ ನೀರು ಗದ್ದೆಗಳಲ್ಲಿ ನಿಂತು, ನೆಲಕ್ಕಿಳಿದು, ಬೇಸಗೆಯಲ್ಲಿ ತೊರೆಗಳಿಗೆ ಜೀವ ಕೊಡುತ್ತದೆ.

ಈಗ ಆ ವಿನ್ಯಾಸ ಸಡಿಲುತ್ತಿದೆ. ಕೂಲಿ ದುಬಾರಿಯಾಗಿ ಗದ್ದೆಗಳು ಪಾಳು ಬೀಳುತ್ತಿವೆ. ರಸ್ತೆಗೆಂದು, ಕಟ್ಟಡಕ್ಕೆಂದು ಇಳಿಜಾರುಗಳು ಕತ್ತರಿಸಲ್ಪಡುತ್ತಿವೆ. 2018ರ ಆಗಸ್ಟಿನ ಮಹಾಮಳೆಗೆ ಮಡಿಕೇರಿಯ ಸುತ್ತಣ ಗುಡ್ಡಗಳು ಕುಸಿದು ಮನೆ, ತೋಟಗಳು ಮಣ್ಣುಪಾಲಾದವು. 2020ರಲ್ಲಿ ತಲಕಾವೇರಿಯಲ್ಲಿಯೇ ಬೆಟ್ಟ ಜರಿದು ಅರ್ಚಕರ ಮನೆಯನ್ನು ನುಂಗಿತು.

ಗದ್ದೆಯಿಲ್ಲದ ಮನೆಗೆ ಪುತ್ತರಿಯ ಕದಿರು ಎಲ್ಲಿಂದ ಬಂದೀತು? ಈ ಪ್ರಶ್ನೆ ಕೊಡಗಿನವರದು ಮಾತ್ರವಲ್ಲ. ಗದ್ದೆಯಲ್ಲಿ ನಿಲ್ಲದ ನೀರು ಬೇಸಗೆಯಲ್ಲಿ ಹೊಳೆಗೆ ಒದಗದು. ಹೊಳೆಗೆ ಒದಗದುದು ಬನಶಂಕರಿಯ ನಲ್ಲಿಗೂ ಬಾರದು. ಮಗಳ ಮನೆ ತಣ್ಣಗಿರಬೇಕಾದರೆ ಮೊದಲು ತವರು ತಣ್ಣಗಿರಬೇಕು.