ಜಾಣ ಮಗು, ನಿಲ್ಲದ ಗಮನ: ಶಾಲೆಯಿಂದ ದೊರೆಯಬೇಕಾದ ನೆರವು

‘ಹುಡುಗ ಜಾಣ, ಲಕ್ಷ್ಯ ಮಾತ್ರ ಇಲ್ಲ.’ ಪ್ರಗತಿಪತ್ರದಲ್ಲಿ ವರ್ಷವರ್ಷವೂ ಇದೇ ಷರಾ ಬರುತ್ತಿದ್ದರೆ ತಂದೆತಾಯಿಗಳು ಅದನ್ನು ನಿಧಾನವಾಗಿ ಓದಿಕೊಳ್ಳಬೇಕು. ಇಂಥ ಮಗು ಬಾಯಲ್ಲಿ ಕೇಳಿದರೆ ಉತ್ತರ ಹೇಳುತ್ತದೆ. ಬರೆಯಲು ಕುಳಿತರೆ ಅರ್ಧ ಲೆಕ್ಕದಲ್ಲೇ ಮನಸ್ಸು ಕಿಟಕಿಯಾಚೆ ಹಾರುತ್ತದೆ. ಕಂಪಾಸುಪೆಟ್ಟಿಗೆ ಪದೇ ಪದೇ ಕಳೆಯುತ್ತದೆ. ಇಷ್ಟವಾದ ಆಟದಲ್ಲಿ ಮಾತ್ರ ಗಂಟೆಗಟ್ಟಲೆ ಮುಳುಗಿರುತ್ತದೆಯಾದ್ದರಿಂದ ‘ಬೇಕೆಂದೇ ಮಾಡುತ್ತಾನೆ’ ಎಂಬ ಆರೋಪ ಹೊರಬೇಕಾಗುತ್ತದೆ.

ಬುದ್ಧಿ ಕುಂದಿರದಿದ್ದರೂ ತಮ್ಮನ್ನು ಹತೋಟಿಯಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿಯೇ ಉಪನ್ಯಾಸ ನೀಡಿದ್ದರು. ಇಂದು ಇದಕ್ಕೆ ಎ.ಡಿ.ಎಚ್.ಡಿ. ಎಂಬ ಹೆಸರಿದೆ, ಅವಧಾನದ ಕೊರತೆ ಎನ್ನಬಹುದು. (ಅಷ್ಟಾವಧಾನಿಗಳನ್ನು ಮೆರೆಸಿದ ನಾಡಿನವರಿಗೆ ಒಂದೇ ಅವಧಾನವೂ ಕೆಲವರಿಗೆ ಕಷ್ಟವೆಂದು ನಂಬುವುದು ಸುಲಭವಲ್ಲ.) ಚುರುಕು ಮಕ್ಕಳಲ್ಲಿ ಈ ತೊಂದರೆ ತಡವಾಗಿ ಬೆಳಕಿಗೆ ಬರುತ್ತದೆ. ಕೆಳಗಿನ ತರಗತಿಗಳಲ್ಲಿ ನೆನಪಿನ ಶಕ್ತಿ ಕೊರತೆಯನ್ನು ಮುಚ್ಚುತ್ತದೆ; ಬರವಣಿಗೆ ಹೆಚ್ಚಿದಾಗ ಅಂಕಗಳು ಇಳಿಯುತ್ತವೆ. ಗದ್ದಲ ಮಾಡದೆ ಕನಸು ಕಾಣುತ್ತ ಕೂರುವ ಹೆಣ್ಣುಮಕ್ಕಳಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಪಾಠಕ್ಕೆ ಇಂಗ್ಲಿಷ್, ಜೊತೆಗೆ ಹಿಂದಿ. ತೆಲಂಗಾಣದ 2018ರ ಕಾನೂನಿನಂತೆ ತೆಲುಗು ಕಡ್ಡಾಯ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ವರ್ಗವಾಗಿ ಬಂದ ಮಗು ತೆಲುಗು ಪಾಠದಲ್ಲಷ್ಟೇ ಆಕಳಿಸಿದರೆ ಅದಕ್ಕೆ ಭಾಷೆಯ ಅಪರಿಚಯವೇ ಸಾಕಷ್ಟು ಕಾರಣ. ಅವಧಾನದ ಕೊರತೆಯ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡು, ಕನಿಷ್ಠ ಆರು ತಿಂಗಳು, ಮನೆ-ಶಾಲೆ ಎರಡರಲ್ಲಿಯೂ ಇರಬೇಕು. ಪರೀಕ್ಷಿಸುವವರಿಗೆ ಮನೆಮಾತು ಯಾವುದೆಂದು ಮೊದಲೇ ತಿಳಿಸಬೇಕು; ಕಣ್ಣು, ಕಿವಿ, ನಿದ್ರೆಗಳ ತಪಾಸಣೆಯೂ ಆಗಬೇಕು. ಬೋವೆನ್‌ಪಲ್ಲಿಯಲ್ಲಿ 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆ, ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆ ನಗರದಲ್ಲಿಯೇ ಇವೆ. ಹೆಸರು ಕೇಳಿ ಹಿಂಜರಿಯುವವರುಂಟು. ಆ ಹಿಂಜರಿಕೆಯಲ್ಲಿ ಮಗುವಿನ ವರ್ಷಗಳು ಕಳೆದುಹೋಗುತ್ತವೆ. ಔಷಧಿ ಬೇಕೇ ಎಂಬುದನ್ನು ತಜ್ಞವೈದ್ಯರೇ ನಿರ್ಧರಿಸಬೇಕು.

ಕಾನೂನಿನ ವಿಷಯ ಸ್ವಲ್ಪ ಸೂಕ್ಷ್ಮವಾದುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅವಧಾನದ ಕೊರತೆ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಓದು, ಬರಹ, ಲೆಕ್ಕಗಳಿಗೆ ಸಂಬಂಧಿಸಿದ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎರಡೂ ಒಂದೇ ಮಗುವಿನಲ್ಲಿ ಇರುವುದು ಅಪರೂಪವಲ್ಲವಾದ್ದರಿಂದ ಎರಡನ್ನೂ ಪರೀಕ್ಷಿಸುವಂತೆ ಕೇಳಬೇಕು. ಕಲಿಕಾ ನ್ಯೂನತೆಯ ಪ್ರಮಾಣಪತ್ರ ದೊರೆತರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಕೋರಲು ಕಾಯಿದೆಯ 17ನೆಯ ವಿಧಿಯ ಆಧಾರವಿದೆ. ಕೇಂದ್ರದ 2018ರ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ.

ಪ್ರಮಾಣಪತ್ರವಿಲ್ಲದ ಮಗುವಿಗೂ ಶಾಲೆ ಮಾಡಬಹುದಾದುದು ಬಹಳವಿದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ‘ಸ್ವಲ್ಪ ಗಮನಿಸಿಕೊಳ್ಳಿ’ ಎಂಬ ಮೊರೆಗಿಂತ ಖಚಿತವಾದ ಕೋರಿಕೆ ಫಲಿಸುತ್ತದೆ: ಕಿಟಕಿಯಿಂದ ದೂರ, ಮುಂದಿನ ಬೆಂಚು, ಮನೆಗೆಲಸವನ್ನು ಡೈರಿಯಲ್ಲಿ ಬರೆಸುವುದು, ದೊಡ್ಡ ಕೆಲಸವನ್ನು ತುಂಡು ತುಂಡಾಗಿ ಕೊಡುವುದು, ನಡುವೆ ಹಲಗೆ ಒರೆಸಲು ಎಬ್ಬಿಸುವುದು. ಪಾಠವನ್ನು ಸುಲಭಗೊಳಿಸಿರೆಂದು ಮಾತ್ರ ಕೇಳಬಾರದು. ಜಾಣ ಮಗುವಿಗೆ ಇಪ್ಪತ್ತು ಸುಲಭ ಲೆಕ್ಕಗಳು ಶಿಕ್ಷೆ. ಐದು ಕಠಿಣ ಲೆಕ್ಕಗಳು ಆಹ್ವಾನ. ಹೊಡೆತ, ಅವಮಾನಗಳನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆಯೆಂಬುದನ್ನು ಅಗತ್ಯಬಿದ್ದರೆ ವಿನಯದಿಂದಲೇ ನೆನಪಿಸಬಹುದು.

ಕೋರಿಕೆಯನ್ನು ಬರೆದು, ತಜ್ಞರ ವರದಿಯ ಪ್ರತಿಯೊಡನೆ ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಸ್ವೀಕೃತಿ ಪಡೆಯಬೇಕು. ವರ್ಗಾವಣೆಯ ನೌಕರಿಯವರು ಈ ಕಾಗದಗಳನ್ನು ಟಿ.ಸಿ.ಯ ಜೊತೆಯಲ್ಲಿಯೇ ಇರಿಸಿಕೊಳ್ಳುವುದು ಲೇಸು. ಹೊಸ ಊರಿನ ಅಧ್ಯಾಪಕರಿಗೆ ಮಗುವಿನ ಪೂರ್ವಕಥೆ ತಿಳಿದಿರುವುದಿಲ್ಲ.