ಹಳೆಯ ಬಟ್ಟೆ, ಸೂಜಿ ಮತ್ತು ಅಪರಿಗ್ರಹ

ಶ್ರಾವಕರ ಆಚಾರವನ್ನು ನಿರೂಪಿಸುವ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಆಚಾರ್ಯ ಸಮಂತಭದ್ರರು ಭೋಗವನ್ನೂ ಉಪಭೋಗವನ್ನೂ ಬೇರ್ಪಡಿಸಿ ತೋರಿಸುತ್ತಾರೆ. ಒಮ್ಮೆ ಅನುಭವಿಸಿದೊಡನೆ ತೀರಿಹೋಗುವುದು ಭೋಗ. ಮತ್ತೆ ಮತ್ತೆ ಅನುಭವಕ್ಕೆ ಒದಗುವುದು ಉಪಭೋಗ. ಮೊದಲನೆಯದಕ್ಕೆ ಅವರು ಕೊಡುವ ಉದಾಹರಣೆ ಆಹಾರ, ಎರಡನೆಯದಕ್ಕೆ ವಸ್ತ್ರ. ಉಂಡ ಅನ್ನವನ್ನು ಮರಳಿ ಉಣ್ಣಲಾಗದು, ಉಟ್ಟ ಬಟ್ಟೆಯನ್ನು ಒಗೆದು ಮರಳಿ ಉಡಬಹುದು. ಇವೆರಡಕ್ಕೂ ಮಿತಿಯನ್ನು ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ.

ಈ ಉದಾಹರಣೆ ಇಂದು ತಲೆಕೆಳಗಾಗಿದೆ. ಮದುವೆಯ ಒಂದು ಸಂಜೆಗೆಂದು ಕೊಂಡ ಉಡುಪು ಭಾವಚಿತ್ರದಲ್ಲಿ ಉಳಿದು ಕಪಾಟು ಸೇರುತ್ತದೆ. ಕಪಾಟು ತುಂಬಿದಾಗ ಕಸದ ಗಾಡಿ ಸೇರುತ್ತದೆ. ವಸ್ತ್ರ ಅನ್ನದ ಸಾಲಿಗೆ ಬಂದಿದೆ ಎನ್ನಬೇಕು. ಅನ್ನವನ್ನು ಎಸೆಯುವಾಗ ಆಗುವ ಅಳುಕು ಮಾತ್ರ ಅದಕ್ಕಿಲ್ಲ.

ಬಟ್ಟೆಯ ಹಿಂದೆ ಇರುವ ಹಿಂಸೆ ಕಣ್ಣಿಗೆ ಕಾಣದಿರುವುದೇ ಇದಕ್ಕೆ ಕಾರಣ. ಹತ್ತಿಯ ಒಂದು ಟೀ ಶರ್ಟ್ ಸಿದ್ಧವಾಗಲು, ಬೆಳೆಯಿಂದ ಬಣ್ಣದವರೆಗೆ, ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಅಪ್ಕಾಯಿಕ ಜೀವಗಳಿಗೆ ನೋವಾಗದಿರಲೆಂದು ಕೊಡ ನೀರನ್ನೂ ಹಿತಮಿತವಾಗಿ ಬಳಸುವ ಮನೆಯಲ್ಲಿ ಈ ಲೆಕ್ಕ ಯಾರ ಖಾತೆಗೆ ಹೋಗಬೇಕು? ನಿಷ್ಪ್ರಯೋಜಕವಾಗಿ ನೀರು ಚೆಲ್ಲುವುದು, ನೆಲ ಅಗೆಯುವುದು, ಗಿಡ ಕಡಿಯುವುದು ಇವನ್ನು ಶಾಸ್ತ್ರಕಾರರು ಪ್ರಮಾದಚರ್ಯೆ ಎಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಬೇಕಿಲ್ಲದೆ ಕೊಂಡ ಅಂಗಿಯಲ್ಲಿ ಈ ಮೂರೂ ಅಡಗಿವೆ.

ಈ ಹಿನ್ನೆಲೆಯಲ್ಲಿ ನೋಡಿದರೆ, ಹರಿದದ್ದನ್ನು ಹೊಲಿದು, ಹಳತನ್ನು ಬೇರೊಂದು ರೂಪಕ್ಕೆ ತಂದು ಬಳಸುತ್ತಿದ್ದ ಹಿಂದಿನ ತಲೆಮಾರಿನ ಗೃಹಿಣಿಯರ ಕೆಲಸ ಬರಿಯ ಮಿತವ್ಯಯವಲ್ಲ. ವಸ್ತ್ರವನ್ನು ಉಪಭೋಗದಲ್ಲಿಯೇ ಉಳಿಸಿಕೊಳ್ಳುವ ಸಾಧನೆ ಅದು. ಇದಕ್ಕೆ ಕೌದಿಗಿಂತ ಒಳ್ಳೆಯ ನಿದರ್ಶನ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಸೀಮೆಯಲ್ಲಿ ಕೌದಿ ಇಲ್ಲದ ಹಳ್ಳಿಮನೆ ವಿರಳ. ಅಲ್ಲಿನ ಜೈನ ಒಕ್ಕಲು ಮನೆಗಳಿಗೂ ಅದು ಹೊಸತಲ್ಲ. ನೆಲದ ಮೇಲೆ ಹಳೆಯ ನೂಲಿನ ಸೀರೆಯೊಂದನ್ನು ಸುಕ್ಕಿಲ್ಲದಂತೆ ಹಾಸುತ್ತಾರೆ. ಅದರ ಮೇಲೆ ಹರಿದ ಧೋತರ, ಸವೆದ ಅಂಗಿ, ಲಂಗದ ತುಂಡುಗಳು ಒಂದರ ಪಕ್ಕಕ್ಕೊಂದು ಬರುತ್ತವೆ. ಗಟ್ಟಿಯಾಗಿ ಉಳಿದ, ಬಣ್ಣ ಮಾಸದ ತುಂಡುಗಳನ್ನು ಮೇಲ್ಪದರಕ್ಕೆಂದು ತೆಗೆದಿಡುತ್ತಾರೆ. ಇಳಕಲ್ ಸೀರೆಯ ಕೆಂಪು ಸೆರಗಿನ ಚೂರು ಸಿಕ್ಕರೆ ಅದಕ್ಕೆ ಎದ್ದು ಕಾಣುವ ಜಾಗವೇ ಮೀಸಲು. ಆಮೇಲೆ ದಪ್ಪ ದಾರ, ಉದ್ದ ಸೂಜಿ. ಹೊಲಿಗೆ ಅಂಚಿನಿಂದ ಹೊರಟು, ಸಾಲಿನ ಪಕ್ಕ ಸಾಲಾಗಿ, ನಡುವಿನತ್ತ ಸಾಗುತ್ತದೆ. ಪದರಗಳು ಒಂದಕ್ಕೊಂದು ಬಿಗಿದುಕೊಳ್ಳುವುದು ಈ ಸಣ್ಣ ಹೊಲಿಗೆಗಳಿಂದಲೇ; ಒಳಗೆ ಹತ್ತಿ ತುಂಬಬೇಕಾಗಿಲ್ಲ. ಪದರ ಹೆಚ್ಚಿದಷ್ಟೂ ಚಳಿಗೆ ಒಳ್ಳೆಯದು. ಬಳಸಿ ಬಳಸಿ ಕೌದಿಯೇ ಸವೆದಾಗ ಅದನ್ನು ಒಳಪದರವಾಗಿಸಿ ಮೇಲೊಂದು ಸೀರೆ ಹಾಕಿ ಹೊಲಿಯುತ್ತಾರೆ. ಅಜ್ಜಿಯ ಸೀರೆ ಮೊಮ್ಮಗಳ ಹಾಸಿಗೆಯೊಳಗೆ ಕಾಣದಂತೆ ಉಳಿಯುವುದು ಹೀಗೆ.

ಮನೆಯವರು ಒಟ್ಟುಮಾಡಿದ ಬಟ್ಟೆಯಿಂದ ಕೌದಿ ಹೊಲಿದುಕೊಡುವ ಗೊಂದಲಿಗ ಸಮುದಾಯದ ಮಹಿಳೆಯರು ಉತ್ತರ ಕರ್ನಾಟಕದಲ್ಲಿ ಈ ಕಲೆಯನ್ನು ಜೀವನೋಪಾಯವಾಗಿ ಉಳಿಸಿಕೊಂಡು ಬಂದಿದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರ ಕೌದಿಗಂತೂ ತನ್ನದೇ ಲಕ್ಷಣವಿದೆ: ನಾಲ್ಕು ಮೂಲೆಗಳಲ್ಲಿ ಮಡಚಿದ ತ್ರಿಕೋನದ ಚಿಂದಿಗಳು ಹೂವಿನಂತೆ ಕೂರದೆ ಕೌದಿ ಪೂರ್ಣವಾಗುವುದಿಲ್ಲ. ಯಾವ ಮತದವರು ಹೊಲಿದರೂ ಈ ಕೆಲಸದಲ್ಲಿರುವ ಎಚ್ಚರ ಶ್ರಾವಕನಿಗೆ ಪರಿಚಿತವಾದದ್ದೇ. ಆದಿನಾಥ ತೀರ್ಥಂಕರರು ಪ್ರಜೆಗಳಿಗೆ ಉಪದೇಶಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯಗಳ ಜೊತೆಗೆ ಶಿಲ್ಪವೂ ಸೇರಿದೆ. ಕೈಕೆಲಸಕ್ಕೆ ಆ ಗೌರವ ಅಂದಿನಿಂದಲೂ ಇದೆ.

ಎಲ್ಲ ಬಟ್ಟೆಯೂ ಎಲ್ಲದಕ್ಕೂ ಆಗುವುದಿಲ್ಲ. ಹತ್ತಾರು ವರ್ಷ ಒಗೆದು ಮೆತ್ತಗಾದ ನೂಲಿನ ಸೀರೆ ಹಸುಗೂಸಿನ ಕುಲಾವಿಗೂ ಕುಂಚಿಗೆಗೂ ಹೊಸ ಬಟ್ಟೆಗಿಂತ ಹಿತ. ಪಾಲಿಯೆಸ್ಟರ್ ಬೆವರನ್ನು ಹೀರದು, ಕೂಸಿನ ಮೈಗೆ ಸಲ್ಲದು. ಆದರೆ ಗಟ್ಟಿಯಾದ್ದರಿಂದ ಸಂತೆಯ ಚೀಲಕ್ಕೆ ಒದಗುತ್ತದೆ. ಜೀನ್ಸ್ ಪ್ಯಾಂಟಿನ ಕಾಲುಗಳೂ ಅಷ್ಟೇ. ಚೂರುಪಾರುಗಳನ್ನು ಜಡೆಯಂತೆ ಹೆಣೆದು, ಸುರುಳಿ ಸುತ್ತಿ ಹೊಲಿದರೆ ಕಾಲೊರಸು.

ನೀರು ಸೋಸುವ ಬಟ್ಟೆಯ ವಿಷಯದಲ್ಲಿ ಮಾತ್ರ ಮಿತವ್ಯಯ ಹಿಂದೆ ಸರಿಯಬೇಕು. 36 ಅಂಗುಲ ಉದ್ದ, 24 ಅಂಗುಲ ಅಗಲದ ದಟ್ಟ ನೇಯ್ಗೆಯ ಬಟ್ಟೆಯನ್ನು ಇಮ್ಮಡಿಸಿ ನೀರು ಸೋಸಬೇಕೆಂಬುದು ಪರಂಪರೆಯ ಅಳತೆ. ಬಿಸಿಲಿಗೆ ಹಿಡಿದರೆ ಸೂರ್ಯಬಿಂಬ ಕಾಣಿಸಬಾರದು ಎಂಬುದು ಹಿರಿಯರ ಪರೀಕ್ಷೆ. ಉಟ್ಟು ಸವೆದ ಬಟ್ಟೆಯಲ್ಲಿ ಎಳೆಗಳು ಸಡಿಲಗೊಂಡು ಸೂಕ್ಷ್ಮ ಜೀವಿಗಳು ನುಸುಳುತ್ತವೆ. ಅಲ್ಲಿ ಉಳಿತಾಯ ಮಾಡಹೊರಟರೆ ವ್ರತದ ಉದ್ದೇಶವೇ ಸೋರಿಹೋಗುತ್ತದೆ.

ರೇಷ್ಮೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಸೀರೆಯೊಂದಕ್ಕೆ ಸಾವಿರಾರು ಗೂಡುಗಳು, ಒಳಗಿನ ಹುಳುವಿನೊಂದಿಗೆ, ಬಿಸಿನೀರಿಗೆ ಬೀಳುತ್ತವೆ. ಇದನ್ನರಿತ ಹಲವು ಶ್ರಾವಕರು ಪೂಜೆಗೆ ರೇಷ್ಮೆ ಉಡುವುದನ್ನು ಬಿಟ್ಟಿದ್ದಾರೆ. ಆದರೆ ತಾಯಿಯ ಕಾಲದಿಂದ ಪೆಟ್ಟಿಗೆಯಲ್ಲಿರುವ ಸೀರೆಯನ್ನು ಏನು ಮಾಡಬೇಕು? ಎಸೆದರೆ ಆದ ಹಿಂಸೆ ಹಿಂತಿರುಗದು. ಅದರಿಂದ ರವಿಕೆಯನ್ನೋ ದಿಂಬಿನ ಕವಚವನ್ನೋ ಹೊಲಿದುಕೊಂಡು ಹೊಸದನ್ನು ಕೊಳ್ಳದಿರುವುದು ಮೇಲು. ಕೃತ, ಕಾರಿತಗಳಷ್ಟೇ ಅನುಮೋದನೆಯೂ ಬಂಧಕ್ಕೆ ಕಾರಣವೆಂಬುದನ್ನು ಮಾತ್ರ ಮರೆಯಬಾರದು. ಆ ಮಿರುಗನ್ನು ನಾಲ್ಕು ಜನರೆದುರು ಹೊಗಳಿ, ಅವರಲ್ಲಿ ಅಂಥದೇ ಆಸೆ ಹುಟ್ಟಿಸಿದರೆ ಉಳಿಸಿದ್ದೇನೂ ಇಲ್ಲ.

ಹಳೆಯದನ್ನು ಉಳಿಸುವ ಗುಣಕ್ಕೆ ಇನ್ನೊಂದು ಮುಖವೂ ಇದೆ, ಅದು ಅಷ್ಟು ಚೆಲುವಾದದ್ದಲ್ಲ. ‘ಎಂದಾದರೂ ಬೇಕಾದೀತು’ ಎಂಬ ಒಂದೇ ಮಾತಿನ ಬಲದ ಮೇಲೆ ಅಟ್ಟದಲ್ಲಿ ಗಂಟುಗಳು ಬೆಳೆಯುತ್ತವೆ. ಉಮಾಸ್ವಾಮಿಗಳು ‘ತತ್ತ್ವಾರ್ಥ ಸೂತ್ರ’ದಲ್ಲಿ ಪರಿಗ್ರಹವನ್ನು ವಸ್ತುವಿನ ಬೆಲೆಯಿಂದ ಅಳೆಯಲಿಲ್ಲ, ಮೂರ್ಛೆಯಿಂದ, ಎಂದರೆ ಮಮತ್ವದಿಂದ ಅಳೆದರು. ಆ ಅಳತೆಯಲ್ಲಿ ಚಿಂದಿಯ ಗಂಟಿಗೂ ಚಿನ್ನದ ಗಂಟಿಗೂ ಭೇದವಿಲ್ಲ. ಬಿಚ್ಚದೆ ಬಿಟ್ಟ ಗಂಟಿನಲ್ಲಿ ನುಸಿ ಸೇರುತ್ತದೆ, ಬಟ್ಟೆ ತಿನ್ನುವ ಹುಳು ಮೊಟ್ಟೆಯಿಡುತ್ತದೆ. ಆಮೇಲೆ ನುಸಿಗುಳಿಗೆ, ಔಷಧಿಯ ಸಿಂಪಡಣೆ. ಕೂಡಿಟ್ಟವನೇ ಜೀವಗಳಿಗೆ ನೆಲೆ ಕೊಟ್ಟು, ತಾನೇ ಅವನ್ನು ಕೊಲ್ಲುವ ಸ್ಥಿತಿ! ಪರಿಗ್ರಹ ಹಿಂಸೆಯಾಗಿ ಮಾರ್ಪಡುವುದನ್ನು ತಿಳಿಯಲು ಬೇರೆ ದೃಷ್ಟಾಂತ ಬೇಕಿಲ್ಲ.

ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರರು ಇಚ್ಛಾ ಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಹೇಳಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊಲಿಯಲೆಂದು ಇಡುವ ಬಟ್ಟೆಗೆ ಒಂದೇ ಪೆಟ್ಟಿಗೆ ಎಂದು ನಿಶ್ಚಯಿಸಿ, ಅದು ತುಂಬಿದರೆ ಮೊದಲು ಹೊಲಿಗೆ, ಆಮೇಲೆ ಸಂಗ್ರಹ ಎಂಬ ನಿಯಮವನ್ನು ಚಾತುರ್ಮಾಸದ ಆರಂಭದಲ್ಲಿ ತೆಗೆದುಕೊಳ್ಳಬಹುದು. ಬಟ್ಟೆಯನ್ನು ಕತ್ತರಿಸುವ ಮುನ್ನ ಮೆಲ್ಲನೆ ಕೊಡವಿ, ಮಡಿಕೆಗಳನ್ನು ಬಿಡಿಸಿ ನೋಡಿ, ಇದ್ದ ಜೀವಿಯನ್ನು ನೆರಳಿಗೆ ಸರಿಸುವುದು. ಪೆಟ್ಟಿಗೆಯಲ್ಲಿ ಒಣಗಿದ ಬೇವಿನ ಎಲೆ ಇಡುವುದು. ವಸ್ತುವನ್ನು ಎತ್ತುವಲ್ಲಿ, ಇಡುವಲ್ಲಿ ಮುನಿಗಳು ಪಾಲಿಸುವ ಆದಾನನಿಕ್ಷೇಪಣ ಸಮಿತಿಯ ಗೃಹಸ್ಥ ರೂಪವೆಂದರೆ ಇದೇ.

ದಾನದ ಹೆಸರಿನಲ್ಲಿ ಪೆಟ್ಟಿಗೆ ಖಾಲಿ ಮಾಡುವವರಿಗೂ ಒಂದು ಮಾತು ಸಲ್ಲುತ್ತದೆ. ಗುಂಡಿ ಕಿತ್ತ, ತೋಳು ಹರಿದ ಅಂಗಿಯನ್ನು ಹಾಗೆಯೇ ಬಡವನ ಕೈಗಿಡುವುದು ಕರುಣಾದಾನವಲ್ಲ, ಕಸದ ವಿಲೇವಾರಿ. ಗುಂಡಿ ಹಚ್ಚಲು ಐದು ನಿಮಿಷ ಸಾಕು.

ವಸ್ತ್ರದ ಈ ವಿವೇಕಕ್ಕೆ ಆದರ್ಶ ತ್ಯಾಗಿಗಳಲ್ಲಿದೆ. ಹನ್ನೊಂದನೆಯ ಪ್ರತಿಮೆಯನ್ನು ಮುಟ್ಟಿದ ಉತ್ಕೃಷ್ಟ ಶ್ರಾವಕನಿಗೆ ಶಾಸ್ತ್ರ ಹೇಳಿರುವುದು ಬಟ್ಟೆಯ ಒಂದು ತುಂಡನ್ನು ಮಾತ್ರ. ತಲೆ ಮುಚ್ಚಿದರೆ ಕಾಲು ಬಯಲಾಗುವಷ್ಟು ಚಿಕ್ಕದು ಕ್ಷುಲ್ಲಕರ ಆ ಖಂಡವಸ್ತ್ರ. ಆರ್ಯಿಕೆಯರಿಗೆ ಒಂದೇ ಬಿಳಿ ಸೀರೆ. ದಿಗಂಬರ ಮುನಿಗಳಿಗೆ ಅದೂ ಇಲ್ಲ. ಸಂಯಮದ ಉಪಕರಣವಾಗಿ ಅವರ ಕೈಯಲ್ಲಿರುವ ಪಿಂಛಿಯಾದರೂ ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಆದದ್ದು. ಧೂಳು ಹಿಡಿಯದ, ಬೆವರು ಹೀರದ, ಹಗುರವಾದ, ಜೀವಿಯ ಕಣ್ಣಿಗೆ ತಗುಲಿದರೂ ನೋಯದಷ್ಟು ಮೃದುವಾದ ಗರಿಗಳವು. ಮಳೆಗಾಲ ಕಳೆಯುವ ಹೊತ್ತಿಗೆ ನವಿಲುಗಳು ಗರಿ ಕಳಚುತ್ತವೆ. ಶ್ರಾವಕರು ಅವನ್ನು ಹೊಂದಿಸಿ, ಹಿಡಿ ಕಟ್ಟಿ ಹೊಸ ಪಿಂಛಿಯನ್ನು ಸಿದ್ಧಪಡಿಸುತ್ತಾರೆ. ಚಾತುರ್ಮಾಸ ಮುಗಿದಾಗ ಪಿಂಛಿ ಪರಿವರ್ತನೆ ನಡೆಯುತ್ತದೆ. ವರ್ಷವಿಡೀ ಬಳಸಿ ಗರಿಗಳ ಮೃದುತ್ವ ಕಳೆದ ಹಳೆಯ ಪಿಂಛಿ ಆಗ ಯಾರೋ ಒಬ್ಬ ಗೃಹಸ್ಥನ ಮನೆಗೆ ಹೋಗುತ್ತದೆ. ಅದನ್ನು ಪಡೆಯಲು ಕೈಯೊಡ್ಡುವವನು ಮೊದಲು ಮುನಿಗಳ ಎದುರು ಬ್ರಹ್ಮಚರ್ಯವನ್ನೋ ಬೇರೊಂದು ಸಂಯಮದ ನಿಯಮವನ್ನೋ ಸ್ವೀಕರಿಸಬೇಕು.