ಗುರುವಾರ ಬಾರದ ತಾಯಂದಿರು

ಮಗುವಿಗೆ ಲಸಿಕೆ ಹಾಕಿಸದ ತಾಯಿಯನ್ನು ತಿಳಿವಳಿಕೆ ಇಲ್ಲದವಳು ಎಂದುಬಿಡುವುದು ಸುಲಭ. ಭಾಲ್ಕಿ ತಾಲ್ಲೂಕಿನ ನಮ್ಮ ಭಾತಂಬ್ರಾದಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿ ದುಡಿದು ನಿವೃತ್ತಳಾದ ನನಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸಂಕಟವಾಗುತ್ತದೆ. ಸೂಜಿ ಬೇಡವೇ ಬೇಡ ಎಂದು ಹಟ ಹಿಡಿದ ಮನೆಗಳು ನನ್ನ ನೆನಪಿನಲ್ಲಿ ತೀರ ಕಡಿಮೆ. ಗುರುವಾರ ಬರಲಾಗದ ಮನೆಗಳು ಬಹಳ.

ನಮ್ಮ ರಾಜ್ಯದ ಸರ್ಕಾರಿ ದವಾಖಾನೆಗಳಲ್ಲಿ ಗುರುವಾರವೆಂದರೆ ಲಸಿಕೆಯ ದಿನ. ಸೋಯಾ ಹೊಲದಲ್ಲಿ ಕಳೆ ತೆಗೆಯುವ ಕಾಲದಲ್ಲಿ ಅದು ಕೂಲಿಯ ದಿನವೂ ಹೌದು. ಹೆರಿಗೆಯಾದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ದವಾಖಾನೆಯಲ್ಲೇ ಆಗಿಬಿಡುತ್ತವೆ. ಆಮೇಲೆ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಬರಬೇಕು, ಒಂಬತ್ತು ತಿಂಗಳು ತುಂಬಿದ ಮೇಲೆ ಬರಬೇಕು, ಒಂದೂವರೆ ವರ್ಷದ ಹೊತ್ತಿಗೆ, ಮತ್ತೆ ಐದು ವರ್ಷಕ್ಕೆ ಬರಬೇಕು. ಲಸಿಕೆಗೆ ದುಡ್ಡಿಲ್ಲ ನಿಜ, ಆದರೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ. ಕೂಸಿಗೆ ಜ್ವರ ಬಂದರೆ ಎರಡು ದಿನದ್ದು.

ಆರನೇ ವಾರದ ದಿನವನ್ನು ಹತ್ತಿರದಿಂದ ನೋಡಿದವರಿಗೆ ತಾಯಿಯ ಭಯ ಅರ್ಥವಾಗುತ್ತದೆ. ಬಾಯಿಗೆ ಪೋಲಿಯೊ ಮತ್ತು ರೋಟಾ ಹನಿ. ಎಡ ತೊಡೆಗೆ ಪೆಂಟಾವೇಲೆಂಟ್; ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ ಎಂಬ ಐದಕ್ಕೆ ಒಂದೇ ಸೂಜಿ. ಬಲ ತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ. ಬಲ ತೋಳಿನ ಚರ್ಮಕ್ಕೆ ಪೋಲಿಯೊದ ಚುಚ್ಚುಮದ್ದು. ಒಂದೂವರೆ ತಿಂಗಳ ಕೂಸಿಗೆ ಒಮ್ಮೆಗೇ ಮೂರು ಸೂಜಿ! ಸಂಜೆಗೆ ಮೈ ಬಿಸಿಯಾಗುತ್ತದೆ, ತೊಡೆ ಬಾಯುತ್ತದೆ.

"ರಾತ್ರಿಯೆಲ್ಲ ಕೂಸು ಒದರ್ತದ ಅಕ್ಕೋರೆ. ಮುಂಜಾನಿ ನಾ ಕೂಲಿಗಿ ಹೆಂಗ ಹೋಗ್ಲಿ? ನಮ್ಮತ್ತಿ ನನಗೇ ಬೈತಾರ" ಎಂದಿದ್ದಳು ಒಬ್ಬ ಬಾಣಂತಿ. ಆಕೆಗೆ ಲಸಿಕೆಯ ಮಹತ್ವದ ಭಾಷಣ ಬೇಕಿರಲಿಲ್ಲ. ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ, ಪ್ಯಾರಾಸಿಟಮಾಲ್ ಇಷ್ಟು ಕೊಡಬೇಕು, ಬಾವಿನ ಮೇಲೆ ಏನೂ ಹಚ್ಚಿ ತಿಕ್ಕಬಾರದು, ಹೆಚ್ಚಾದರೆ ಇಂಥಲ್ಲಿಗೆ ಬಾ ಎಂದು ಅತ್ತೆಯ ಎದುರಿಗೇ ಹೇಳುವವರು ಬೇಕಿದ್ದರು. ಯಾವ ಲಸಿಕೆ, ಏನಾಗಬಹುದು, ಮುಂದೆ ಯಾವಾಗ ಬರಬೇಕು, ಕಾರ್ಡು ಜೋಪಾನ ಎಂಬ ನಾಲ್ಕು ಮಾತನ್ನು ಪ್ರತಿ ತಾಯಿಗೂ ಹೇಳಬೇಕೆಂದು ಇಲಾಖೆಯೇ ಕಲಿಸಿದೆ. ಗದ್ದಲದಲ್ಲಿ ಮೊದಲು ಬಿಟ್ಟುಹೋಗುವುದು ಈ ನಾಲ್ಕು ಮಾತೇ. ಲಂಬಾಣಿಯನ್ನೋ ಮರಾಠಿಯನ್ನೋ ಉರ್ದುವನ್ನೋ ಆಡುವ ತಾಯಿಗೆ ಕನ್ನಡದಲ್ಲಿ ಅವಸರವಾಗಿ ಹೇಳಿದರೆ ಹೇಳಿದಂತೆಯೂ ಆಗುವುದಿಲ್ಲ.

ಇನ್ನು ಗುಳೆ. ಔರಾದ್, ಭಾಲ್ಕಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವ ಗಂಡಹೆಂಡತಿಯನ್ನು ಆಳು ಒಯ್ಯುವ ಮುಕಾದಮರು ಸೇರಿಸಿ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲು, ಎಂದು ಲೆಕ್ಕ ಹಿಡಿಯುತ್ತಾರೆ. ಮುಂಗಡ ಇಬ್ಬರ ಮೇಲೂ ಇರುತ್ತದೆ, ಹೆಂಡತಿ ಒಂದು ದಿನ ನಿಂತರೆ ಜೋಡಿಯ ಕೆಲಸವೇ ನಿಲ್ಲುತ್ತದೆ. ದೀಪಾವಳಿಯ ಹೊತ್ತಿಗೆ ಎಳೆಗೂಸಿನೊಂದಿಗೆ ಹೊರಟವರು ತಿರುಗಿ ಬರುವುದು ಬೇಸಿಗೆಗೆ. ಅಷ್ಟರಲ್ಲಿ ಹತ್ತನೇ ವಾರ, ಹದಿನಾಲ್ಕನೇ ವಾರ ದಾಟಿರುತ್ತವೆ. ತಾಯಿ ಕಾರ್ಡು ಊರಲ್ಲಿ ಅಜ್ಜಿಯ ಟ್ರಂಕಿನಲ್ಲಿ ಉಳಿದಿರುತ್ತದೆ. ಇಲ್ಲಿನ ಪಟ್ಟಿಯಲ್ಲಿ ಆ ಕೂಸು "ಊರಲ್ಲಿಲ್ಲ", ಅಲ್ಲಿನ ಪಟ್ಟಿಯಲ್ಲಿ ಹೆಸರೇ ಇಲ್ಲ. ಈಗ ಸರ್ಕಾರದ ಲಸಿಕಾ ಜಾಲತಾಣ ಯು-ವಿನ್‌ನಲ್ಲಿ ದಾಖಲೆ ಮೊಬೈಲ್ ಸಂಖ್ಯೆಯ ಮೇಲೆ ಸಿಗುತ್ತದೆ, ಒಳ್ಳೆಯದಾಯಿತು. ಆದರೆ ಗುಳೆ ಹೋಗುವವರ ಸಿಮ್ ಹಂಗಾಮಿಗೊಂದು ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು.

ಬಂದ ತಾಯಿಯೂ ಬರಿಗೈಲಿ ಹೋಗುವುದುಂಟು. ದಡಾರ-ರುಬೆಲ್ಲಾ ಲಸಿಕೆ ಪುಡಿಯಾಗಿ ಬರುತ್ತದೆ. ಜೊತೆಯ ದ್ರವ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದು ಸೀಸೆಯಲ್ಲಿ ಐದು ಮಕ್ಕಳಿಗಾಗುವಷ್ಟು ಇರುತ್ತದೆ. ಒಂದೇ ಮಗು ಬಂದರೆ, "ಮುಂದಿನ ವಾರ ಬಾರಮ್ಮ, ಇನ್ನೂ ನಾಲ್ಕು ಮಕ್ಕಳು ಕೂಡಲಿ" ಎಂದು ಕಳಿಸುವವರನ್ನು ನಾನು ಕಂಡಿದ್ದೇನೆ. ಒಂದು ಮಗುವಿಗಾದರೂ ಸೀಸೆ ತೆರೆಯಬೇಕು ಎಂಬುದು ನಿಯಮ. ಕೂಲಿ ಬಿಟ್ಟು ಬಂದವಳನ್ನು ಹಾಗೆ ತಿರುಗಿಸಿದರೆ ಆಕೆ ಮತ್ತೆ ಬರುವಳೆಂದು ನಂಬುವುದು ಹೇಗೆ? ನಾಲ್ಕು ಡೋಸು ವ್ಯರ್ಥವಾದರೂ ಚಿಂತೆಯಿಲ್ಲ, ಆ ಮಗು ಮುಖ್ಯ.

ಗಾಳಿಸುದ್ದಿಯ ಪೆಟ್ಟು ಬಿದ್ದಿಲ್ಲವೆಂದಲ್ಲ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್ಆ್ಯಪ್‌ನಲ್ಲಿ ಹರಿದ ಸುಳ್ಳುಗಳಿಗೆ ಓದಿದವರೇ ಮೊದಲು ಬೆದರಿದರು. ಆ ಭಯವನ್ನು ಕರಪತ್ರ ಕಳೆಯಲಿಲ್ಲ. ತನ್ನ ಮಗುವಿಗೇ ಹಾಕಿಸಿದ ನೆರೆಮನೆಯಾಕೆ, ಮಸೀದಿಯ ಹಿರಿಯರು, ತಾಂಡಾದ ನಾಯಕ ಹೇಳಿದ ಮಾತು ನಡೆಯಿತು. ಮನೆಮನೆ ಅಲೆದ ಆಶಾ ಅಕ್ಕಂದಿರ ಶ್ರಮ ದೊಡ್ಡದು. ಒಂದು ಮಗುವಿನ ಮೊದಲ ವರ್ಷದ ಲಸಿಕೆಗಳೆಲ್ಲ ಮುಗಿದರೆ ಅವರಿಗೆ ಸಿಗುವಂತೆ ನಿಗದಿಯಾದ ಪ್ರೋತ್ಸಾಹಧನ 100 ರೂಪಾಯಿ. ಇದು ನ್ಯಾಯವಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಎಲ್ಲ ಮೂಲ ಲಸಿಕೆ ಪಡೆದ ಮಕ್ಕಳು 2015-16ರಲ್ಲಿ ಶೇ 62.6ರಷ್ಟಿದ್ದರು, 2019-20ರಲ್ಲಿ ಶೇ 84.1ಕ್ಕೆ ಏರಿದರು. ಹೆಮ್ಮೆ ಪಡುವ ಏರಿಕೆ. ಆದರೆ ನಮ್ಮ ಕಡೆ ಗೊಬ್ಬರ ಎಂದು ಕರೆಯುವ ದಡಾರವನ್ನು ತಡೆಯಲು ನೂರರಲ್ಲಿ 95 ಮಕ್ಕಳಿಗೆ ಎರಡು ಡೋಸು ಆಗಿರಬೇಕು. ಉಳಿದ ಮಕ್ಕಳು ಎಲ್ಲ ಕಡೆ ಸಮನಾಗಿ ಹರಡಿಲ್ಲ. ತಾಂಡಾದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಕಬ್ಬಿನ ಗದ್ದೆಯ ಪಕ್ಕದ ಜೋಪಡಿಯಲ್ಲಿ ಒಟ್ಟಿಗೇ ಇದ್ದಾರೆ. ರೋಗವೂ ಅಲ್ಲಿಗೇ ಮೊದಲು ಬರುತ್ತದೆ.

ನಿಮ್ಮ ಹೊಲಕ್ಕೆ, ಭಟ್ಟಿಗೆ, ಕಟ್ಟಡದ ಕೆಲಸಕ್ಕೆ ದುಡಿಯುವವರು ಬಂದಾಗ ಕೂಸಿನ ತಾಯಿ ಕಾರ್ಡು ಎಲ್ಲಿದೆ ಎಂದು ಒಮ್ಮೆ ಕೇಳಿ. ಕಾರ್ಡು ಇಲ್ಲದಿದ್ದರೂ, ಊರು ಬೇರೆಯಾದರೂ ಯಾವ ಸರ್ಕಾರಿ ದವಾಖಾನೆಯಲ್ಲಾದರೂ ಲಸಿಕೆ ಉಚಿತ. ತಡವಾಗಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ದಡಾರ-ರುಬೆಲ್ಲಾ ಐದು ವರ್ಷದವರೆಗೂ ಹಾಕುತ್ತಾರೆ. ಆ ತಾಯಿಗೆ ಗುರುವಾರದ ಕೂಲಿ ಕಡಿಯದೆ ರಜೆ ಕೊಡಿ.